ಕಣಕ ಕಾಯುವಾಕೆ

ನರಗುಂದದ ನಮ್ಮ ಓಣಿಯಲ್ಲಿ ಹೋಳಿಗೆ ಮಾಡಲು ಕರೆಸುತ್ತಿದ್ದುದು ಆಕೆಯೊಬ್ಬಳನ್ನೇ. "ಕಣಕ ಮಲಗ್ಲಿ, ಯಾರೂ ಮುಟ್ಟಬ್ಯಾಡ್ರಿ" ಎನ್ನುತ್ತಲೇ ಇರುತ್ತಿದ್ದಳು. ಹೋಳಿಗೆ ಹರಿದರೆ ತನ್ನ ಮಾನ ಹೋದಂತೆ ಎಂಬುದು ಅವಳ ಲೆಕ್ಕ.

ನಾನು ಟ್ರ್ಯಾಕ್ಟರ್ ಹೊಡೆದು ದುಡಿದ ದುಡ್ಡಿನಲ್ಲೇ ಮಗಳಿಗೆ ಹೆಸರಿಡುವ ಕಾರ್ಯ ಇಟ್ಟುಕೊಂಡಿದ್ದೆ. ಬೆಳಿಗ್ಗೆಯೇ ನಾದಿದ ಕಣಕಕ್ಕೆ ಎಣ್ಣೆ ಸವರಿ, ಹಸಿ ಬಟ್ಟೆ ಸುತ್ತಿ, ಬೆಕ್ಕಿಗೆ ಸಿಗದಿರಲೆಂದು ಆಕೆ ಖಾಲಿ ತೊಟ್ಟಿಲಲ್ಲಿ ಇಟ್ಟಳು. ಯಾವಗಲ್‌ನಿಂದ ಬಂದ ನನ್ನ ಅಕ್ಕ ತೊಟ್ಟಿಲೊಳಗೆ ಕೈಯಿಟ್ಟವಳೇ ಚೀರಿದಳು: "ಏ ತಮ್ಮಾ, ಕೂಸು ಉಚ್ಚಿ ಹೊಯ್ಕೊಂಡೈತಿ, ನೋಡಾವ್ರು ಯಾರೂ ಇಲ್ಲೇನು?" ಗಂಟನ್ನು ಎತ್ತಿ ಎದೆಗೊತ್ತಿ ತಟ್ಟತೊಡಗಿದಳು.

ಹೋಳಿಗೆಯಾಕೆ ಒಲೆ ಬಿಟ್ಟು ಓಡಿಬಂದಳು. "ಹಾಲು ಕುಡ್ಯೂ ಕೂಸು ಒಳಗೈತ್ರಿ ಅಕ್ಕಾರ! ಇದು ಎಣ್ಣಿ ಕುಡ್ಯೂದು, ಇತ್ತ ಕೊಡ್ರಿ!"

ಅಂದು ಒಂದು ಹೋಳಿಗೆಯೂ ಹರಿಯಲಿಲ್ಲ. ತಾನು ತಟ್ಟಿದ್ದರಿಂದಲೇ ಎಂದು ಅಕ್ಕ ಊಟಕ್ಕೆ ಕೂತಾಗ ಹೇಳಿಕೊಂಡಳು. ಹೋಳಿಗೆಯಾಕೆ ಅವಳ ಎಲೆಗೆ ಮಾತ್ರ ತುಪ್ಪ ಬಡಿಸಲು ಮರೆತಳು.