ಲೆನೋರ್ ಹುಡಾಕ್ ಟೈಪ್ ಮಾಡಿದ ವಾಕ್ಯ

ಲೆನೋರ್ ಹುಡಾಕ್ ಮಾರ್ಚ್ ಒಂಬತ್ತರ ಭಾನುವಾರ ತೀರಿಕೊಂಡಳು. ಹೃದಯಾಘಾತ. ಅರವತ್ತೇಳು ವರ್ಷ. ಪಿಟ್ಸ್‌ಬರ್ಗಿನ ವಿಶ್ವವಿದ್ಯಾಲಯವೊಂದರ ನಾಲ್ಕನೇ ಮಹಡಿಯಲ್ಲಿ, ನಾವಿಬ್ಬರೂ ಎರಡು ವರ್ಷ ಕೂತು ಕೆಲಸ ಮಾಡಿದ ಕೋಣೆಯಲ್ಲಿ, ಕಾವಲುಗಾರ ಅವಳನ್ನು ಕಂಡ. ಮೈಮೇಲಿನ ಕೋಟು ಬಿಚ್ಚಿರಲಿಲ್ಲ. ಇಷ್ಟು ಬರೆಯುವುದಕ್ಕೆ ನನಗೆ ಮೂರು ವಾರ ಬೇಕಾಯಿತು. ಈಗಲೂ ಓದಿದರೆ ಬೇರೆ ಯಾರದೋ ಸುದ್ದಿ ಅನ್ನಿಸುತ್ತದೆ.

ಲೆನೋರ್ ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆ ಕೇಳಿ, ಸಿಗದಿದ್ದಾಗ ಮೇಲ್ಮನವಿ ಹಾಕುವ ಕಚೇರಿ ಅದು. ಸ್ಟ್ರೌಡ್ ಎಂಬ ಅಧಿಕಾರಿ ವಿಚಾರಣೆ ಮುಗಿಸಿ ತೀರ್ಪನ್ನು ಟೇಪಿಗೆ ಹೇಳುತ್ತಿದ್ದ, ಇವಳು ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದಳು. ನಿವೃತ್ತಿಯಾದ ಮೇಲೆ ಪ್ರೊಫೆಸರ್ ಗ್ರೀರ್ ಅವರ ಸಂಶೋಧನೆಗೆ ಸೇರಿ, ಶಾಲೆಯ ಗ್ರಂಥಾಲಯದಿಂದ ಆಗಷ್ಟೇ ನಿವೃತ್ತಳಾಗಿದ್ದ ನನ್ನನ್ನೂ ಎಳೆದುಕೊಂಡಳು. "ಮನೇಲಿ ಕೂತು ಏನ್ ಮಾಡ್ತೀಯೇ ಬರ್ನಿ, ಗೋಡೆಗೆ ಪುಸ್ತಕ ಕೊಡ್ತೀಯಾ?" ಅಂದಿದ್ದಳು.

ಲೆನೋರ್ ಇದ್ದ ಕಚೇರಿಯ ಹಳೆಯ ತೀರ್ಪುಗಳನ್ನು ಓದಿ, ಯಾವ ವಾಕ್ಯ ನಡೆದ ಸಂಗತಿ, ಯಾವುದು ತೀರ್ಪಿಗೆ ಕಾರಣ ಎಂದು ಬಣ್ಣ ಹಚ್ಚುವುದು ನಮ್ಮ ಕೆಲಸ. ಒಂದೇ ಕಡತವನ್ನು ಇಬ್ಬರೂ ಬೇರೆ ಬೇರೆ ಓದಬೇಕು, ಇಬ್ಬರೂ ಮುಗಿಸುವ ತನಕ ಅದರ ಬಗ್ಗೆ ತುಟಿ ಬಿಚ್ಚಬಾರದು. ಇಬ್ಬರ ಗುರುತೂ ಒಂದೇ ಆದರೆ ಅದು ಸರಿ ಎಂದು ಲೆಕ್ಕ. ಆ ಗುರುತುಗಳಿಂದ ಕಂಪ್ಯೂಟರು ಕಾನೂನಿನ ತರ್ಕ ಕಲಿಯುತ್ತಿತ್ತು. ನಾವು ಬೆನ್ನಿಗೆ ಬೆನ್ನು ಹಾಕಿ ಕೂತು ಸೊಂಟನೋವಿನ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು.

ಆರನೇ ತಾರೀಕು ಗುರುವಾರ ಪ್ರೊಫೆಸರ್ ನಮಗೆ ಹಾಗೆ ಕಲಿತ ಪ್ರೋಗ್ರಾಂ ತೋರಿಸಿದರು. ಸೋಮವಾರ ಅದು ವಿಚಾರಣಾ ಕಚೇರಿಯೊಂದಕ್ಕೆ ಹೋಗುವುದಿತ್ತು. ಅಧಿಕಾರಿಗಳಿಗೆ ಹೀಗೆ ತೀರ್ಪು ಕೊಡಬಹುದು ಎಂದು ಸಲಹೆ ಕೊಡುವುದಕ್ಕೆ. ಪರೀಕ್ಷೆಗೆಂದು ಅವರು ಹೊಸ ಅರ್ಜಿಯೊಂದನ್ನು ಹಾಕಿದರು: ಮಗುವಿಗೆ ಜ್ವರ ಬಂದು ಕೆಲಸಕ್ಕೆ ಹೋಗದೆ, ಅದಕ್ಕೇ ಕೆಲಸ ಕಳೆದುಕೊಂಡ ಹೆಂಗಸು. ಮಾಲೀಕನಿಗೆ ಮೂರು ಸಲ ಫೋನ್ ಮಾಡಿದ್ದಳು, ದಾಖಲೆಯೂ ಇತ್ತು. ಪ್ರೋಗ್ರಾಂ ಭತ್ಯೆ ಬೇಡ ಅಂದಿತು. ಯಾವ ಆಧಾರದ ಮೇಲೆ ಎಂದು ಕೇಳಿದಾಗ ಹಳೆಯ ತೀರ್ಪುಗಳ ಸಾಲೊಂದನ್ನು ಕಡುಗೆಂಪು ಮಾಡಿ ತೋರಿಸಿತು: "ಅರ್ಜಿದಾರರು ಮೊದಲೇ ತಿಳಿಸಬಹುದಿತ್ತು, ತಿಳಿಸಲಿಲ್ಲ."

"ಇಂಥದ್ದು ಒಂದೆರಡು ತಪ್ಪಬಹುದು," ಅಂದರು ಪ್ರೊಫೆಸರ್. "ಆದರೆ ಈ ಸಾಲಿನ ವಿಷಯದಲ್ಲಿ ನೀವಿಬ್ಬರೂ ಒಂದು ಕಡತದಲ್ಲೂ ಬೇರೆಯಾಗಿಲ್ಲ. ಇಷ್ಟು ಗಟ್ಟಿ ಒಮ್ಮತ ನಾನು ನೋಡಿದ್ದೇ ಇಲ್ಲ, ಮಿಸೆಸ್ ಹುಡಾಕ್."

ಲೆನೋರಳ ಮುಖ ಸುಣ್ಣದ ಹಾಗಾಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಕಿಟಕಿಯಲ್ಲಿ ಬಿಸಿಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಚರ್ಚಿನ ನೆಲಮಾಳಿಗೆಯಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚು ಮಾರುವ ಪಿಯರೋಗಿ ಕಡುಬು ಮಡಚುತ್ತಿದ್ದೆವು. ಆಲೂಗಡ್ಡೆ ಹೂರಣ ನಾನು ಇಡುವುದು, ಅಂಚು ಒತ್ತುವುದು ಅವಳು.

"ಆ ವಾಕ್ಯ ನಂದು ಕಣೇ," ಅಂದಳು.

"ಯಾವುದು?"

"ಕೆಂಪಗಾಯ್ತಲ್ಲ, ಅದು. ಮೊದಮೊದಲು ಸ್ಟ್ರೌಡ್ ಟೇಪಲ್ಲಿ 'ಮಾಮೂಲಿ ಪ್ಯಾರಾ ಹಾಕಮ್ಮ' ಅಂತಿದ್ದ. ಅವನದು ಉದ್ದ ಇತ್ತು, ಪುಟಕ್ಕೆ ಹಿಡಿಸಲ್ಲ ಅಂತ ನಾನೇ ಚಿಕ್ಕದು ಮಾಡಿದೆ. ಆಮೇಲೆ ಅವನು ಹೇಳೋದೇ ಬಿಟ್ಟ. ಗೈರುಹಾಜರಿ ಅಂತ ಕಿವಿಗೆ ಬಿದ್ರೆ ಸಾಕು, ನಾನಾಗೇ ಹಾಕಿಬಿಡ್ತಿದ್ದೆ. ಅವನು ಓದದೇ ಸೈನ್ ಮಾಡೋನು."

"ಮತ್ತೆ ಇಲ್ಲಿ ಅದನ್ನೇ ಕಾರಣ ಅಂತ ಗುರುತು ಹಾಕಿದೆಯಲ್ಲ?"

"ಕಾರಣ ಇರೋ ಜಾಗದಲ್ಲಿ ಕೂತಿತ್ತು, ಹಾಕಿದೆ. ನೀನೂ ಹಾಕಿದೆ. ಹಳೇ ಪರಿಚಯದವರನ್ನ ಕಂಡ ಹಾಗಿತ್ತು ನಂಗೆ."

ನನ್ನ ಕೈಯಲ್ಲಿದ್ದ ಹೂರಣ ಮೇಜಿನ ಮೇಲೆ ಬಿತ್ತು. ಪಕ್ಕದ ಮೇಜಿನಿಂದ ಮುದುಕಿ ಮಿಸೆಸ್ ಪೆಟ್ರಿಸ್ಕೊ, "ಬಾಯಿ ಓಡೋ ಹಾಗೆ ಕೈಯೂ ಓಡಲಿ ಹುಡುಗೀರಾ, ಮಧ್ಯಾಹ್ನಕ್ಕೆ ಜನ ಬರ್ತಾರೆ," ಅಂದಳು.

"ಮೂವತ್ತು ವರ್ಷದ ಹಿಂದಿನ ಮಾತು," ಅಂದೆ ನಾನು, ದನಿ ತಗ್ಗಿಸಿ. "ಸ್ಟ್ರೌಡ್ ಸತ್ತು ಎಷ್ಟು ಕಾಲ ಆಯ್ತು. ಯಾರಿಗೂ ಗೊತ್ತಿಲ್ಲ. ಸುಮ್ನಿರು."

"ಸ್ಟ್ರೌಡ್ ಸತ್ತ. ನನ್ನ ವಾಕ್ಯ ಸೋಮವಾರ ಕೆಲಸಕ್ಕೆ ಸೇರ್ತಿದೆ, ಮಾರಾಯ್ತಿ."

ಮಧ್ಯಾಹ್ನವೇ ಹೋಗಿ ಪ್ರೊಫೆಸರಿಗೆ ಹೇಳಿದಳು. ನಾನೂ ಜೊತೆಗಿದ್ದೆ. ಅವರು ಕುರ್ಚಿ ಹುಡುಕಿ ಕೂತರು. ಟೇಪುಗಳು ಇವೆಯೇ ಎಂದು ಕೇಳಿದರು. ಇರಲಿಲ್ಲ.

"ಬಾಯಿಮಾತಿನ ಮೇಲೆ ಪ್ರೋಗ್ರಾಂ ನಿಲ್ಲಿಸುವುದಕ್ಕೆ ನನಗಾಗಲ್ಲ," ಅಂದರು ಕೊನೆಗೆ. "ಗುರುತು ಹಾಕಿದವರೇ ಆಯಾ ಕಡತ ತೆಗೆದು ಆಕ್ಷೇಪ ಬರೆದರೆ ಮಾತ್ರ ಅದು ಲೆಕ್ಕದಿಂದ ಹೊರಗೆ ಹೋಗುತ್ತೆ. ಅರ್ಧಕ್ಕಿಂತ ಹೆಚ್ಚು ಹೋದರೆ ಪ್ರೋಗ್ರಾಂ ನಿಲ್ಲಲೇಬೇಕು. ಆ ವಾಕ್ಯದ ಮುನ್ನೂರ ಹನ್ನೆರಡು ಕಡತ ಇವೆ, ಮಿಸೆಸ್ ಹುಡಾಕ್. ಒಟ್ಟಿಗೆ ಮಾಡೋ ಹಾಗಿಲ್ಲ. ಒಂದೊಂದೇ ಓದಬೇಕು."

"ಟೈಪ್ ಮಾಡಿದ್ದೂ ಒಂದೊಂದೇ," ಅಂದಳು.

ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದಳು. "ನಾಳೆ ಬರ್ತೀಯಾ? ನಿನ್ನ ಗುರುತೂ ಇದೆಯಲ್ಲ, ಇಬ್ಬರಾದ್ರೆ ಬೇಗ ಆಗುತ್ತೆ."

ಸೊಂಟ ಹಿಡಿದಿದೆ, ಸೋಮವಾರ ಬೆಳಿಗ್ಗೆ ಬೇಗ ಬರ್ತೀನಿ ಅಂದೆ. ಸೊಂಟ ಹಿಡಿದಿರಲಿಲ್ಲ. ಅವಳ ಹೆಸರು ಹಾಳಾಗುವುದಕ್ಕೆ ನಾನು ಕೈಜೋಡಿಸಬೇಕೇ ಅನ್ನಿಸಿತ್ತು. ಅವಳು ನನ್ನ ಸೊಂಟ ನೋಡಿ, ಮುಖ ನೋಡಿ, "ಬಿಸಿನೀರು ಇಟ್ಕೋ," ಅಂದು ಬಸ್ಸು ಹತ್ತಿದಳು.

ಶನಿವಾರ ಇಡೀ ದಿನ ಕೂತಳು. ಭಾನುವಾರ ಪೂಜೆ ಮುಗಿಸಿಕೊಂಡು ನೇರ ಅಲ್ಲಿಗೇ ಹೋದಳು. ಸೋಮವಾರ ಪ್ರೋಗ್ರಾಂ ಹೋಗಲಿಲ್ಲ. ಪ್ರೊಫೆಸರ್ ನನ್ನನ್ನು ಕರೆದು ಅವಳು ಬರೆದದ್ದನ್ನೆಲ್ಲ ತೋರಿಸಿದರು. ನೂರ ಅರವತ್ತೊಂದು ಕಡತ. ಹೆಚ್ಚಿನವುಗಳಲ್ಲಿ ಒಂದೇ ಮಾತು: "ಈ ವಾಕ್ಯ ಅಧಿಕಾರಿಯದ್ದಲ್ಲ, ಟೈಪಿಸ್ಟಿನದ್ದು. ಎಲ್. ಹುಡಾಕ್."

ಕೊನೆಯದು ಬೇಕರಿಯೊಂದರಲ್ಲಿ ಕೆಲಸಕ್ಕಿದ್ದ ಹೆಂಗಸಿನದು. ಹೆಸರನ್ನು ಮೊದಲೇ ಅಳಿಸಿದ್ದರು. ಲೆನೋರ್ ಅದರಲ್ಲಿ ಹೀಗೆ ಬರೆದು, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಉಳಿಸಿದ್ದಳು: "ಇವಳು ಎರಡು ಸಲ ಫೋನ್ ಮಾಡಿದ್ದಳು. ಟೇಪಿನಲ್ಲಿ ಕೇಳಿಸಿಕೊಂಡಿದ್ದೆ. ಮಾಮೂಲಿ ಪ್ಯಾರಾ ಹಾಕುವಾಗ ಆ ಮಾತನ್ನು ಬಿಟ್ಟವಳು ನಾನು."