ಕರ್ಚುಂಗ್ ಕೊನೆಗೂ ಕಾಂಗ್ ಲಾ ದಾಟಿದ್ದು

ನಮ್ಮ ನಾರ್ ಊರಿನಲ್ಲಿ ಕಾಂಗ್ ಲಾ ಎಂಬ ಹಿಮದ ಘಾಟಿಯ ಬಗ್ಗೆ ಕರ್ಚುಂಗ್‌ನಷ್ಟು ಮಾತಾಡಿದವರಿಲ್ಲ. ಅದನ್ನು ದಾಟದೆ ಉಳಿದ ಗಂಡಸೂ ಅವನೊಬ್ಬನೇ.

ಚಾರಣಿಗರಿಗೆ ಗೈಡ್ ಮಾತ್ರ ಅವನೇ. ಕೊರಳಲ್ಲಿ ಸೀಟಿ, ಸೊಂಟಕ್ಕೆ ಹಗ್ಗ, ಮೋಡವಿದ್ದರೂ ಕಪ್ಪು ಕನ್ನಡಕ. ಸಂಜೆ ಒಲೆಯ ಮುಂದೆ ಮಾತಿನಲ್ಲೇ ಹಿಮಚಿರತೆಯನ್ನು ಒದ್ದೋಡಿಸುವನು. ಬೆಳಿಗ್ಗೆ ಹಿಮ ಶುರುವಾಗುವ ಜಾಗ ಬಂದೊಡನೆ ಮಂಡಿ ಹಿಡಿದು ಕೂರುವನು. ಆಮೇಲೆ ಹೊರೆ ಹೊತ್ತ ಹೆಂಡತಿ ಯಾಂಗ್ಜೋಮ್ ಜನರನ್ನು ಆಚೆಯ ನವಲ್ ಊರಿಗೆ ಮುಟ್ಟಿಸಿ ಬರುವಳು. ನವಲ್ ಅವಳ ತವರು. ಮದುವೆಗೆಂದು ಹೊಳೆದಂಡೆಯ ಸುತ್ತುದಾರಿ ಹಿಡಿದು ಹೋಗಿದ್ದ ಅಳಿಯ ಮತ್ತೆ ಹದಿನಾಲ್ಕು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ಆ ವರ್ಷ ಪೋಖರಾದ ರೇವತಿ ಗೌಚನ್ ಎಂಬ ನಿವೃತ್ತ ಗಣಿತದ ಮೇಡಂ ತಿಂಗಳ ನಡಿಗೆಗೆ ಬಂದರು. ಆಗಲೇ ಎರಡು ಘಾಟಿ ದಾಟಿದ್ದರು. ಅವರ ಅಡುಗೆ ಸಾಮಾನು ಹೊತ್ತವನು ನಾನು, ಉಳಿದ ಹೊರೆ ಯಾಂಗ್ಜೋಮ್‌ಳದು. ಹಿಮದ ಅಂಚಿಗೆ ಬಂದದ್ದೇ ತಡ, ಕರ್ಚುಂಗ್ ಕುಸಿದ.

"ಏನಾಯ್ತು ಭಾಯಿ?"

"ಹಳೇ ಗಾಯ, ದೀದಿ. ಆ ಚಿರತೆ ಕಚ್ಚಿದ್ದು."

"ನಿನ್ನೆ ಸಂಜೆ ಅದು ಬಲಗಾಲು ಕಚ್ಚಿತ್ತು. ನೀನು ಹಿಡ್ಕೊಂಡಿರೋದು ಎಡಗಾಲು. ಮೂವತ್ತೊಂದು ವರ್ಷ ಪಾಠ ಮಾಡಿದೀನಪ್ಪ, ಪರೀಕ್ಷೆ ದಿನ ಬರೋ ನೋವು ನಂಗೆ ಗೊತ್ತು. ಏಳು."

ಎದ್ದ. ಬೇರೆ ದಾರಿ ಇರಲಿಲ್ಲ.

ನೆತ್ತಿಯ ಹತ್ತಿರ ದಾರಿಯ ಅಗಲ ಒಂದಡಿಗೆ ಇಳಿಯುತ್ತದೆ. ಎಡಕ್ಕೆ ಬರೀ ಬಿಳಿ ಇಳಿಜಾರು. ಅಲ್ಲಿ ಕರ್ಚುಂಗ್ ಕಣ್ಣು ಮುಚ್ಚಿ ಕುಳಿತುಬಿಟ್ಟ.

"ಏಳ್ತೀಯೋ, ಇಲ್ಲೇ ಬುದ್ಧ ಆಗ್ತೀಯೋ?" ಎಂದಳು ಯಾಂಗ್ಜೋಮ್.

"ಅಪ್ಪ ಜಾರಿದ್ದು ಇಲ್ಲೇ ಕಣೆ," ಎಂದ. "ನಾನು ಹಿಂದೇನೇ ಇದ್ದೆ."

ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮಂಡಿಯ ತಮಾಷೆಯಲ್ಲಿ ನಾವು ಮರೆತಿದ್ದೆವು. ಮದುವೆಯಾಗಿ ಹೊರಗಿನಿಂದ ಬಂದ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಅವನ ಮುಂದೆ ಮಂಡಿಯೂರಿದಳು. ಆಮೇಲೆ ಅವನ ಸೊಂಟದ ಹಗ್ಗ ಬಿಚ್ಚಿ, ಒಂದು ತುದಿ ಅವನಿಗೆ, ಇನ್ನೊಂದು ತನಗೆ ಬಿಗಿದಳು.

"ಮೊದಲೇ ಬಾಯಿ ಬಿಡೋಕೇನಾಗಿತ್ತು? ಇಷ್ಟು ವರ್ಷ ಸುಮ್ನೆ ನನ್ನ ಕೈಲಿ ಮಂಡಿಗೆ ಎಣ್ಣೆ ತಿಕ್ಕಿಸ್ಕೊಂಡೆ. ನನ್ನ ಹಿಮ್ಮಡಿ ನೋಡ್ಕೊಂಡು ಬಾ. ಬೇರೆಲ್ಲೂ ನೋಡ್ಬೇಡ."

ಹಿಮ್ಮಡಿ ನೋಡುತ್ತ, ಮಂತ್ರ ಹೇಳುತ್ತ, ಅರ್ಧ ತಪ್ಪು ಹೇಳುತ್ತ, ಅವನು ದಾಟಿದ.

ನವಲ್‌ನಲ್ಲಿ ಅತ್ತೆ ಬಾಗಿಲಲ್ಲೇ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರೇ ಇವನು?"

"ನಿನ್ನ ಅಳಿಯ, ಆಮಾ."

"ಇನ್ನೂ ಬದುಕಿದಾನಾ?"

ಛಾಂಗ್ ಎಂಬ ಮನೆಹೆಂಡದ ಮೂರನೇ ಬಟ್ಟಲಿಗೆ ಕರ್ಚುಂಗ್ ನಮ್ಮನ್ನೆಲ್ಲ ತಾನೇ ಎಳೆದು ತಂದ ಕತೆ ಆರಂಭಿಸಿದ. ಮೇಡಂ ಪೂರ್ತಿ ಕೇಳಿ, ಹೊರಡುವಾಗ ವಸತಿಗೃಹದ ಪುಸ್ತಕದಲ್ಲಿ, ಗೈಡ್ ಎಂದಿದ್ದ ಕಡೆ, ಯಾಂಗ್ಜೋಮ್‌ಳ ಹೆಸರು ಬರೆದರು.

ಮರುವರ್ಷದಿಂದ ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಕರ್ಚುಂಗ್ ಹಿಂದೆ ಹೊರೆ ಹೊರುತ್ತಾನೆ. ನೆತ್ತಿಯ ಆ ಒಂದಡಿ ದಾರಿಯಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ನಮ್ಮ ಕಿವಿಗಳಿಗೆ ವಿಶ್ರಾಂತಿ ಸಿಗುವುದು ಅಷ್ಟೇ ಹೊತ್ತು.