ಬೆನ್ನ ಹಿಂದಿನ ದನಿ

ಅರಮನೆಯನ್ನು ಜನರಿಗೆ ತೆರೆದು ಎಷ್ಟೋ ಕಾಲವಾಗಿತ್ತು. ಊರಿನವರು ಹೋಗಿ ನೋಡಿಬಂದರು, ಪರ ಊರಿನ ನೆಂಟರು ಬಂದರೆ ಅವರನ್ನೂ ಕರೆದುಕೊಂಡು ಹೋಗಿ ಎರಡನೇ ಸಲ ನೋಡಿಬಂದರು. ಆದರೆ ಅದರ ನೆಲಕ್ಕೆ ಹರೆಯದಿಂದ ಮೊಣಕಾಲೂರಿ ಮೇಣ ತಿಕ್ಕಿದ ನೆಲದಕ್ಕ ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ. ಅವಳ ನಿಜವಾದ ಹೆಸರು ಮನೆಯವರಿಗೂ ಮರೆತಿತ್ತು. ಅರಮನೆಯ ಕೆಲಸದವರು ಇಟ್ಟ ಅಡ್ಡಹೆಸರು ಮೇಣದ ಹಾಗೆಯೇ ಅಂಟಿಕೊಂಡು, ಕೆಲಸ ಬಿಟ್ಟ ಮೇಲೂ ಹೋಗಲಿಲ್ಲ.

"ಬಾಮ್ಮ, ಒಂದ್ಸಲ ಹೋಗಿ ಬರೋಣ" ಎಂದು ಮಗಳು ಕರೆದಾಗಲೆಲ್ಲ, "ನಂಗೆ ಅದರ ನೆಲ ಗೊತ್ತು, ಗೋಡೆ ಗೊತ್ತು. ಇನ್ನೇನಿದೆ ನೋಡೋಕೆ?" ಎನ್ನುತ್ತಿದ್ದಳು.

ಆಮೇಲೆ ಒಂದು ಕಣ್ಣು ಹೋಯಿತು. ಇನ್ನೊಂದೂ ಬಹಳ ದಿನ ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ನೆಲದಕ್ಕ ಮಗಳ ತೋಳು ಹಿಡಿದು ನಿಂತಳು.

"ನನ್ನನ್ನ ಅರಮನೆಗೆ ಕರ್ಕೊಂಡು ಹೋಗು. ಒಂದು ಮುಖ ನೋಡೋದಿದೆ."

"ಯಾರ ಮುಖಾನಮ್ಮ?"

"ನಿನ್ನನ್ನ ಉಳಿಸಿದವರದು."

ಈ ಮಾತು ಅರ್ಥವಾಗಬೇಕಾದರೆ ಅರಮನೆಯ ಒಂದು ಕಟ್ಟಳೆ ಗೊತ್ತಿರಬೇಕು. ಕೆಳಗಿನ ಕೆಲಸದವರೆಲ್ಲ ಒಳಗೆ ಬರಿಗಾಲಿನಲ್ಲಿ ಓಡಾಡಬೇಕು. ಉದ್ದ ಪಡಸಾಲೆಯಲ್ಲಿ ಜೋಡಿನ ಸದ್ದು ಕೇಳಿತೆಂದರೆ ಅದು ರಾಜಮನೆತನದವರದೇ. ಕೂಡಲೇ ಇದ್ದ ಕೆಲಸ ಇದ್ದಲ್ಲಿ ಬಿಟ್ಟು, ಎದ್ದು, ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಸದ್ದು ದೂರವಾಗುವವರೆಗೆ ತಿರುಗುವಂತಿಲ್ಲ. ಹೀಗಾಗಿ ನೆಲದಕ್ಕ ಆ ಮನೆಯ ಅನ್ನ ತಿಂದು ಮುದುಕಿಯಾದರೂ ಒಬ್ಬ ರಾಜನನ್ನೂ ನೆಟ್ಟಗೆ ನೋಡಿರಲಿಲ್ಲ. ಹಿಂದೆ ಯಾರಾದರೂ, "ರಾಜರು ನೋಡೋಕೆ ಹೇಗಿದ್ದಾರೆ?" ಎಂದು ಕೇಳಿದರೆ, "ಬೆಳ್ಳಗೆ, ಅಗಲವಾಗಿ, ಅಲ್ಲಲ್ಲಿ ಸುಣ್ಣ ಉದುರಿದೆ" ಎನ್ನುತ್ತಿದ್ದಳು.

ಮಗಳು ಎದೆಗೂಸಾಗಿದ್ದಾಗ ಅದಕ್ಕೆ ಜ್ವರ ಏರಿ ಉಸಿರು ಕಟ್ಟತೊಡಗಿತ್ತು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ನೆಲದಕ್ಕ ಕೆಲಸಕ್ಕೆ ಬಂದಿದ್ದಳು. ಬರದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು, ಅಷ್ಟೇ. ಮೇಣದ ಬಟ್ಟೆಯ ಮೇಲೆ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಮೇಣಕ್ಕೆ ನೀರು ಬಿದ್ದರೆ ನೆಲ ಕಲೆಯಾಗುತ್ತದೆಂದು ಅದನ್ನೂ ಒರೆಸಿಕೊಂಡು ತಿಕ್ಕುತ್ತಿದ್ದಳು. ಆಗ ಜೋಡಿನ ಸದ್ದು ಬಂತು. ಎದ್ದು ಗೋಡೆಗೆ ತಿರುಗಿದಳು. ಸದ್ದು ಅವಳ ಬೆನ್ನ ಹಿಂದೆಯೇ ನಿಂತಿತು.

"ಯಾಕೆ ಅಳ್ತಿದ್ದೀ?" ಎಂದಿತು ಒಡಕಲು, ತಗ್ಗಿದ ದನಿ.

ನೆಲದಕ್ಕ ಗೋಡೆಗೇ ಉತ್ತರ ಕೊಟ್ಟಳು. ಮಗುವಿಗೆ ಜ್ವರ, ಉಸಿರು ಕಟ್ಟುತ್ತಿದೆ, ಕುದುರೆಲಾಯದ ಹಿಂದಿನ ಸಾಲು, ಕೊನೇ ಮನೆ. ಸದ್ದು ಮುಂದೆ ಹೋಯಿತು. ಆ ಸಂಜೆ ಅರಮನೆಯ ಡಾಕ್ಟರು ಸ್ವತಃ ಚೀಲ ಹಿಡಿದು ಬಗ್ಗಿ ಆ ಗುಡಿಸಲಿನೊಳಗೆ ಬಂದರು. "ರಾಣಿಯವರ ಅಪ್ಪಣೆ" ಎಂದರು. ಮಗು ಉಳಿಯಿತು.

ಯಾವ ರಾಣಿ? ಆಗ ಇಬ್ಬರಿದ್ದರು, ಅತ್ತೆ ಹಿರಿಯ ರಾಣಿ, ಸೊಸೆ ಕಿರಿಯ ರಾಣಿ. ಕೇಳುವ ಧೈರ್ಯ ಅವಳಿಗಿರಲಿಲ್ಲ. ಅಂದಿನಿಂದ ನೆಲದಕ್ಕ ತನ್ನ ಉಪಕಾರಸ್ಮರಣೆಯನ್ನು ಇಬ್ಬರಿಗೂ ಅರ್ಧರ್ಧ ಹಂಚುತ್ತ ಬಂದಿದ್ದಳು. ಈಗ ಕಣ್ಣು ಪೂರ್ತಿ ಮುಚ್ಚುವ ಮುಂಚೆ, ಯಾರದೋ ಅರ್ಧವನ್ನು ವಾಪಸು ತೆಗೆದುಕೊಂಡು, ಸಲ್ಲಬೇಕಾದವರಿಗೆ ಇಡಿಯಾಗಿ ಒಪ್ಪಿಸಬೇಕಿತ್ತು.

ಮಗಳು, ಮೊಮ್ಮಗಳು, ಅವಳು, ಮೂವರೂ ರಜೆಯ ದಿನ ಹೊರಟರು. ಅರಮನೆಯ ಹತ್ತಿರ ಬರುತ್ತಲೇ ನೆಲದಕ್ಕನ ಕಾಲು ತಾನಾಗಿ ಹಿಂಬಾಗಿಲಿನ ಕಡೆ ತಿರುಗಿತು. ಮಗಳು ಕೈಹಿಡಿದು ಮುಂದಕ್ಕೆ ಎಳೆದುಕೊಂಡು ಬಂದಳು. ಮುಂಬಾಗಿಲಲ್ಲಿ ಟಿಕೆಟ್ಟು ಹರಿಯುತ್ತ ಕೂತಿದ್ದ ಮುದುಕ ತಲೆಯೆತ್ತಿ ನಕ್ಕ. ಹಿಂದೆ ಏಣಿ ಹತ್ತಿ ತೂಗುದೀಪಗಳನ್ನು ಒರೆಸುತ್ತಿದ್ದವನು, ದೀಪದಣ್ಣ.

"ಓಹೋ, ನೆಲದಕ್ಕ! ಕೊನೆಗೂ ಮುಂಬಾಗಿಲಿಂದ ಬರೋಷ್ಟು ದೊಡ್ಡ ಮನುಷ್ಯಳಾದೆಯಾ?"

"ನಿನ್ನನ್ನ ಏಣಿಯಿಂದ ಇಳಿಸಿ ಕುರ್ಚಿ ಮೇಲೆ ಕೂರಿಸಿದ್ದಾರಲ್ಲ, ಅದನ್ನ ನೋಡೋಕೆ ಬಂದೆ."

"ನೋಡು, ನೋಡು. ಕುರ್ಚಿಯಿಂದ ಬಿದ್ದರೆ ಮೂಳೆ ಮುರಿಯಲ್ಲ, ಅದೇ ಬಡ್ತಿ" ಎಂದು ಮೊಮ್ಮಗಳ ಟಿಕೆಟ್ಟನ್ನು ಹರಿಯದೆ ಹಾಗೇ ಅವಳ ಕೈಗಿಟ್ಟ.

ಒಳಗೆ ಕೆಂಪು ಹಗ್ಗ ಕಟ್ಟಿದ್ದರು, ಹಗ್ಗದಾಚೆ ಮಂಚ, ಕನ್ನಡಿ, ಊಟದ ಮೇಜು. ವಿವರಿಸಲು ಒಬ್ಬ ಹುಡುಗಿ ಮುಂದೆ ಮುಂದೆ ನಡೆಯುತ್ತಿದ್ದಳು. ನೆಲದಕ್ಕ ಯಾವುದನ್ನೂ ನಿಂತು ನೋಡಲಿಲ್ಲ. ಚಿತ್ರಗಳ ಕೋಣೆ ಬಂದಾಗ ಮಾತ್ರ ಹಗ್ಗಕ್ಕೆ ಎದೆಯೊತ್ತಿ ನಿಂತಳು. ಹಿರಿಯ ರಾಣಿ ಬಿಗಿದ ತುಟಿ, ಅಗಲ ಹಣೆ. ಕಿರಿಯ ರಾಣಿ ಮುಗುಳ್ನಗು, ಸಣ್ಣ ಗಲ್ಲ. ಉಳಿಸಿದವರ ಮುಖ ಕಂಡೊಡನೆ ಗುರುತಾಗುತ್ತದೆ ಎಂದು ಅವಳು ನಂಬಿದ್ದಳು. ಎರಡು ಮುಖಗಳೂ ಅವಳನ್ನು ದಾಟಿ ಹಿಂದಿನ ಕಿಟಕಿಯ ಕಡೆ ನೋಡುತ್ತಿದ್ದವು.

ಪಕ್ಕದಲ್ಲೇ ಕಿವಿಗೆ ಹಚ್ಚಿಕೊಂಡು ಕೇಳುವ ಯಂತ್ರವಿತ್ತು. ಕಿರಿಯ ರಾಣಿ ಯಾವುದೋ ಸಮಾರಂಭದಲ್ಲಿ ಮಾಡಿದ ಭಾಷಣ. ಮಗಳು ಅದನ್ನು ತಾಯಿಯ ಕಿವಿಗೆ ಹಿಡಿದಳು. ಎಳೆಯ, ತೆಳ್ಳನೆಯ, ಗಾಜಿನ ಬಳೆಯಂಥ ದನಿ.

"ಇದಲ್ಲ" ಎಂದಳು ನೆಲದಕ್ಕ. "ಹಾಗಾದರೆ ದೊಡ್ಡವರೇ."

ಎದೆ ಹಗುರಾಯಿತು. ಹಿರಿಯ ರಾಣಿಯ ಚಿತ್ರದ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು. ಹೇಳಬೇಕೆಂದು ವರ್ಷಗಳಿಂದ ಕಟ್ಟಿಟ್ಟುಕೊಂಡ ಮಾತು ತುಟಿಯವರೆಗೆ ಬಂದಿತ್ತು.

ಅಷ್ಟರಲ್ಲಿ ಹಿಂದಿನಿಂದ ಜೋಡಿನ ಸದ್ದು ಬಂತು.

ಟಕ್, ಕಿರ್. ಟಕ್, ಕಿರ್. ನೆಲದಕ್ಕ ಯೋಚಿಸಲೂ ಇಲ್ಲ. ಗಿರಕ್ಕನೆ ತಿರುಗಿ, ಪಕ್ಕದ ಬರಿಗೋಡೆಗೆ ಮುಖವಿಟ್ಟು, ಎರಡೂ ಕೈ ಕೆಳಗಿಳಿಸಿ ನಿಂತಳು. ಸುತ್ತಲಿನವರು ಸರಿದು ದಾರಿಬಿಟ್ಟರು, ಮುದುಕಿಗೆ ತಲೆಸುತ್ತು ಬಂತೋ ಏನೋ ಎಂದು.

"ಅಜ್ಜೀ, ಕಣ್ಣಾಮುಚ್ಚಾಲೆನಾ?" ಮೊಮ್ಮಗಳು ಕಿಲಕಿಲ ನಕ್ಕಳು. ಅವಳ ತಲೆಯ ಮೇಲೆ ಕಾಗದದ ಕಿರೀಟ, ಮೈಮೇಲೆ ನೆಲ ಗುಡಿಸುವ ನಿಲುವಂಗಿ, ಕಾಲಲ್ಲಿ ಹಿಮ್ಮಡಿ ಎತ್ತರದ ಹೊಸ ಜೋಡು. ಮಕ್ಕಳು ರಾಜ ರಾಣಿಯರ ವೇಷ ತೊಟ್ಟು ಓಡಾಡಲೆಂದೇ ಪಕ್ಕದಲ್ಲಿ ಒಂದು ಕೋಣೆ ಮಾಡಿದ್ದರು.

"ಅಮ್ಮಾ, ತಿರುಗು. ಜನ ನೋಡ್ತಿದ್ದಾರೆ" ಎಂದಳು ಮಗಳು, ಮೆಲ್ಲಗೆ.

ನೆಲದಕ್ಕ ತಿರುಗಲಿಲ್ಲ. "ಇನ್ನೊಂದ್ಸಲ ನಡಿ, ಪುಟ್ಟಾ" ಎಂದಳು ಗೋಡೆಗೆ.

ಟಕ್, ಕಿರ್.

ಅವತ್ತು ಬೆನ್ನ ಹಿಂದೆ ಬಂದು ನಿಂತ ಜೋಡೂ ಹೀಗೇ ಕಿರ್ರೆಂದಿತ್ತು. ಇಷ್ಟು ದಿನ ಅವಳು ದನಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಳು. ಸದ್ದು ಗೋಡೆಗೆ ತಿರುಗಿ ನಿಂತ ಮೈಯೊಳಗೇ ಎಲ್ಲೋ ಉಳಿದಿತ್ತು. ದಿನವೂ ದಾಟಿಹೋಗುತ್ತಿದ್ದ ರಾಣಿಯರ ಜೋಡು ಹೀಗೆ ಕಿರ್ರೆನ್ನುತ್ತಿರಲಿಲ್ಲ, ಎಲ್ಲೋ ಅಪರೂಪಕ್ಕೊಮ್ಮೆ ಮಾತ್ರ.

ವಿವರಿಸುವ ಹುಡುಗಿಯನ್ನು ಕರೆದಳು. "ಮಗಳೇ, ರಾಣಿಯವರ ಹೊಸ ಜೋಡು ಸದ್ದು ಮಾಡ್ತಿತ್ತಾ?"

"ರಾಣಿಯವರು ಹೊಸ ಜೋಡು ಹಾಕ್ಕೊಳ್ತಾನೇ ಇರಲಿಲ್ಲ ಅಜ್ಜಿ." ಹುಡುಗಿಗೆ ಇಂಥ ಪ್ರಶ್ನೆ ಬಂದದ್ದೇ ಖುಷಿ. ಗಾಜಿನ ಪೆಟ್ಟಿಗೆಯಲ್ಲಿದ್ದ ಜೋಡುಗಳ ಸಾಲು ತೋರಿಸಿದಳು. "ಹೊಸದು ಕಚ್ಚುತ್ತಲ್ಲ, ಅದಕ್ಕೆ ಅವರದೇ ಅಳತೆ ಪಾದದ ಒಬ್ಬ ಕೆಲಸದವಳನ್ನ ಇಟ್ಕೊಂಡಿದ್ರು. ಅವಳು ಮೊದಲು ಮೆಟ್ಟಿ, ಹೊರಗಿನ ಆ ಉದ್ದ ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು, ಮೆತ್ತಗೆ ಮಾಡಿ ಕೊಡ್ತಿದ್ಲು."

"ಪಾಪ, ಕಚ್ಚಿಸಿಕೊಂಡವಳು ಒಬ್ಬಳು, ಮೆರೆದವಳು ಇನ್ನೊಬ್ಬಳು" ಎಂದು ಯಾರೋ ನಕ್ಕರು.

ನೆಲದಕ್ಕನಿಗೆ ನಗು ಬರಲಿಲ್ಲ. ಜೋಡಿನ ಸದ್ದಿಗೆ ಇಡೀ ಪಡಸಾಲೆಯೇ ಗೋಡೆಗೆ ತಿರುಗಿದ ಮೇಲೆ, ಅದನ್ನು ಮೆಟ್ಟಿ ಬಂದವಳು ತಮ್ಮ ಹಾಗೆಯೇ ಒಬ್ಬ ಕೆಲಸದವಳು ಎಂದು ಯಾರಿಗೆ ಹೇಗೆ ತಿಳಿಯಬೇಕು?

ಮಗಳ ಕೈ ಬಿಡಿಸಿಕೊಂಡು, ನುಗ್ಗುವ ಜನರ ಎದುರಿಗೇ ನಡೆದು, ಮುಂಬಾಗಿಲಿಗೆ ಬಂದಳು.

"ದೀಪದಣ್ಣ, ನಿಜ ಹೇಳು. ರಾಣಿ ಜೋಡು ಮೆಟ್ಟಿ ನಡೀತಿದ್ದವಳು ಯಾರು?"

ಅವನ ತುಟಿಯ ಮೇಲಿದ್ದ ತಮಾಷೆ ಇಳಿಯಿತು. "ಉಡುಪಿನ ಕೋಣೆಯ ಉದ್ದಕ್ಕ. ಮಹಡಿಯವಳು, ನೀನು ನೋಡಿರಲ್ಲ."

"ನಿನಗೆ ಹೇಗೆ ಗೊತ್ತು?"

"ಏಣಿ ಮೇಲೆ ನಿಂತವನು ಯಾವ ಗೋಡೆಗೆ ತಿರುಗಲಿ? ಕಣ್ಣು ಮುಚ್ಕೋಬೇಕು ಅಂತ ನನಗೆ ಅಪ್ಪಣೆ. ನಾನು ಒಂದನ್ನೇ ಮುಚ್ಚುತ್ತಿದ್ದೆ." ಟಿಕೆಟ್ಟಿನ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿದ. "ಅವತ್ತು ನಿನ್ನ ಹಿಂದೆ ನಿಂತವಳೂ ಅವಳೇ. ಆಮೇಲೆ ಡಾಕ್ಟರ ಹತ್ತಿರ ಹೋಗಿ, ರಾಣಿಯವರ ಅಪ್ಪಣೆ ಅಂತ ಸುಳ್ಳು ಹೇಳಿ ಕಳಿಸಿದ್ಲು. ಡಾಕ್ಟರು ವಾಪಸು ಬಂದು ಕಿರಿಯ ರಾಣಿಗೆ ವರದಿ ಒಪ್ಪಿಸಿದ್ರು, ಮಗು ಬೆಳಗಿನವರೆಗೆ ತಡೆದರೆ ಉಳಿಯುತ್ತೆ ಅಂತ. 'ಯಾವ ಮಗು?' ಅಂದ್ರಂತೆ ರಾಣಿಯವರು."

"ಆಮೇಲೆ?"

"ಆಮೇಲೇನು, ಅವಳ ಪೆಟ್ಟಿಗೆ ಹೊರಗೆ ಬಂತು."

"ಇಷ್ಟು ವರ್ಷ ನನಗೆ ಹೇಳದೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೋ!"

"ಹೇಳಿದ್ರೆ ನಾನು ಕಣ್ಣು ಬಿಟ್ಟಿದ್ದೆ ಅಂತ ಒಪ್ಪಿಕೊಂಡ ಹಾಗಾಗ್ತಿತ್ತಲ್ಲಕ್ಕ. ನನ್ನ ಪೆಟ್ಟಿಗೇನೂ ಹೊರಗೆ ಬರ್ತಿತ್ತು. ಆಮೇಲೆ... ಹೇಳೋ ಹೊತ್ತು ದಾಟಿಹೋಯ್ತು."

ನೆಲದಕ್ಕನಿಗೆ ಮುಂದಿನ ಪ್ರಶ್ನೆ ಕೇಳಲು ಭಯವಾಗುತ್ತಿತ್ತು. ಮಗಳೇ ಕೇಳಿದಳು. "ಅವರು ಇದ್ದಾರಾ?"

"ಇದ್ದಾಳೆ. ತಂಗಿಯ ಮಗಳ ಮನೇಲಿ, ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿ. ಹಾಸಿಗೆ ಬಿಟ್ಟು ಏಳಲ್ಲ."

ಚಿತ್ರಗಳ ಕೋಣೆಗೆ ಅವರು ಮತ್ತೆ ಹೋಗಲಿಲ್ಲ. ಮೊಮ್ಮಗಳು ಕಾಗದದ ಕಿರೀಟದಲ್ಲೇ ಆಟೋ ಹತ್ತಿದಳು.

ಅದು ಒಂದು ಕೋಣೆಯ ಮನೆ, ಕಿಟಕಿಯ ಕೆಳಗೆ ಮಂಚ. ಹೊದಿಕೆಯ ತುದಿಯಿಂದ ಎರಡು ಪಾದ ಹೊರಗೆ ಬಂದಿದ್ದವು. ಬೆರಳುಗಳು ಒಂದರ ಮೇಲೊಂದು ಹತ್ತಿ ಹೆಣೆದುಕೊಂಡಿದ್ದವು. ಹೆಬ್ಬೆರಳ ಬುಡದ ಮೂಳೆ ಗಂಟಾಗಿ ಉಬ್ಬಿತ್ತು.

"ಯಾರು ಬಂದಿದ್ದು?" ಎಂದಿತು ಒಡಕಲು ದನಿ.

ನೆಲದಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಬೆನ್ನ ಹಿಂದೆ ಕೇಳಿದ್ದ ದನಿ ಈಗ ಎದುರಿನಿಂದ ಬರುತ್ತಿತ್ತು. ಹತ್ತಿರ ಹೋಗಿ, ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ, ಆ ಮುಖವನ್ನು ನೋಡಿದಳು. ಉದ್ದ ಮೂಗು, ಕುಳಿಬಿದ್ದ ಕೆನ್ನೆ, ಹುಬ್ಬಿನ ಪಕ್ಕ ಸಣ್ಣದೊಂದು ಕಡಲೆಯಷ್ಟು ಮಚ್ಚೆ. ನೋಡುತ್ತಲೇ ಇದ್ದಳು.

"ನೆಲ ತಿಕ್ಕುತ್ತಿದ್ದವಳು. ಕುದುರೆಲಾಯದ ಹಿಂದಿನ ಸಾಲು, ಕೊನೇ ಮನೆ."

ಮಂಚದ ಮೇಲಿನ ಕೈ ಹೊದಿಕೆಯನ್ನು ಹಿಡಿದುಕೊಂಡಿತು. "ಮಗು?"

ನೆಲದಕ್ಕ ಮಗಳನ್ನು ಮುಂದಕ್ಕೆ ತಳ್ಳಿದಳು. ಕಿವಿಯ ಬಳಿ ಕೂದಲು ನರೆಯುತ್ತಿದ್ದ ಆ ಹೆಂಗಸು ಏನು ಮಾಡಬೇಕೆಂದು ತೋಚದೆ ಮಂಚದ ಪಕ್ಕ ನಿಂತಳು.

"ಇಷ್ಟು ದೊಡ್ಡದಾ?" ಎಂದಳು ಉದ್ದಕ್ಕ. ಮಗಳ ಮಣಿಕಟ್ಟು ಹಿಡಿದು, ನಾಡಿ ನೋಡುವವಳ ಹಾಗೆ ಹಾಗೇ ಇಟ್ಟುಕೊಂಡಳು. "ಉಳೀತು ಅಂತ ದೀಪದಣ್ಣ ಹೇಳಿದ್ದ. ಅವನ ಮಾತಲ್ಲಿ ಮುಕ್ಕಾಲು ಗಾಳಿ. ನನ್ನ ಸಮಾಧಾನಕ್ಕೆ ಹೇಳ್ತಿದ್ದಾನೆ ಅಂದ್ಕೊಂಡೆ."

"ನೀವು ಯಾಕಕ್ಕ ಹಾಗೆ ಮಾಡಿದ್ರಿ? ನನ್ನ ಪರಿಚಯ ಕೂಡ ಇರಲಿಲ್ಲ ನಿಮಗೆ" ಎಂದಳು ನೆಲದಕ್ಕ. ಕಟ್ಟಿಟ್ಟುಕೊಂಡಿದ್ದ ಮಾತು ರಾಣಿಗೆ ಹೇಳುವಂಥದ್ದು. ಇಲ್ಲಿ ಅದು ಹೊಂದಲಿಲ್ಲ.

"ದೊಡ್ಡ ಮಾತೇನಿಲ್ಲಮ್ಮ. ಜೋಡು ಕಚ್ತಿತ್ತು. ನಿಂತುಕೊಳ್ಳೋಕೆ ಏನಾದ್ರೂ ನೆವ ಬೇಕಿತ್ತು. ನಿಂತೆ, ಕೇಳಿದೆ. ಕೇಳಿದ ಮೇಲೆ ಸುಮ್ಮನೆ ಹೋಗೋದು ಹೇಗೆ?" ಉದ್ದಕ್ಕ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡಳು. "ಅದಿರಲಿ. ಕೂತ್ಕೋ. ಡಾಕ್ಟರು ಬಂದ ಮೇಲೆ ಏನಾಯ್ತು? ಅಲ್ಲಿಂದ ಹೇಳು."

ನೆಲದಕ್ಕ ನೆಲದ ಮೇಲೆ ಕೂತು ಹೇಳಿದಳು. ಡಾಕ್ಟರು ಸೂಜಿ ಚುಚ್ಚಿದ್ದು, ಮಗು ಅಳಲೂ ಇಲ್ಲದ್ದು, ಅತ್ತೆ ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಾಕಿದ್ದು. ಮಗಳಿಗೂ ಇದರಲ್ಲಿ ಎಷ್ಟೋ ಹೊಸದು. ಅವಳೂ ಕೂತಳು.

"ಜ್ವರ ಬಿಟ್ಟಿದ್ದು ಯಾವಾಗ?"

"ಬೆಳಕು ಹರಿಯೋ ಹೊತ್ತಿಗೆ. ಮೈಯೆಲ್ಲ ಬೆವರಿ ತಣ್ಣಗಾಯ್ತು. ನಾನು ಕತೆ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಹಾಲಿಗೆ ಅತ್ತಳು."

"ಆ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ" ಎಂದಳು ಉದ್ದಕ್ಕ.

ಮಗಳು ತನ್ನ ಮಣಿಕಟ್ಟನ್ನು ಬಿಡಿಸಿಕೊಳ್ಳಲಿಲ್ಲ.

"ಜೋರಾಗಿ ಅತ್ತಳಾ?"

"ಸಾಲಿನ ಮನೆಯವರೆಲ್ಲ ಎದ್ದು ಬರೋ ಹಾಗೆ."

"ಹ್ಞೂಂ" ಎಂದು ಉದ್ದಕ್ಕ ಕಣ್ಣು ಮುಚ್ಚಿದಳು. "ಆಮೇಲೆ? ಹೇಳು."